ಧ್ವನಿಮುದ್ರಿಕೆ ಸಂಗ್ರಹ: ಕರ್ನಾಟಕದಲ್ಲಿ

ಧ್ವನಿಮುದ್ರಿಕೆ ಸಂಗ್ರಹವೆಂದರೆ ಅರಗಿನ ಪ್ಲೇಟು, ವಿನೈಲ್ ಪ್ಲೇಟು, ಸ್ಪೂಲ್ ಟೇಪು, ಕ್ಯಾಸೆಟ್, ಸಿ.ಡಿ. ಮುಂತಾದವುಗಳ ಮೇಲೆ ಅಚ್ಚಾದ ಸಂಗೀತ, ರಂಗಗೀತೆ, ಹರಿಕಥೆ, ಯಕ್ಷಗಾನ ಇತ್ಯಾದಿಗಳನ್ನು ಆಯ್ದು ಕೂಡಿಡುವ, ಅವಕ್ಕೆ ತಕ್ಕ ಯಂತ್ರಗಳಲ್ಲಿ ಆಲಿಸುವ ಮತ್ತು ಕೆಡದಂತೆ ಕಾಪಾಡುವ ಹವ್ಯಾಸ. ಸಂಗೀತ ಚರಿತ್ರೆಯ ಅಧ್ಯಯನಕ್ಕೆ ಇದು ಆಧಾರವೂ ಹೌದು. ಕರ್ನಾಟಕದಲ್ಲಿ ಇದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಪ್ರತಿಯೊಂದು ಮಾಧ್ಯಮವೂ ತನ್ನ ಅಳತೆಗೆ ಹೊಂದುವ ಕಲೆಯನ್ನು ಹೆಚ್ಚಾಗಿ ಉಳಿಸಿದೆ. ಮೂರು ನಿಮಿಷದ ಪ್ಲೇಟು ರಂಗಗೀತೆಯನ್ನೂ ಚಿಕ್ಕ ಖಯಾಲನ್ನೂ ಉಳಿಸಿದರೆ, ಒಂದು ಗಂಟೆಯ ಕ್ಯಾಸೆಟ್ ಹರಿಕಥೆಯನ್ನೂ ತಾಳಮದ್ದಲೆಯನ್ನೂ ಉಳಿಸಿತು. ಒಂದು ಮಾಧ್ಯಮದಿಂದ ಮುಂದಿನದಕ್ಕೆ ದಾಟದೆ ಹೋದ ಹಾಡುಗಳು ಸಂಗ್ರಾಹಕರ ಬಳಿ ಮಾತ್ರ ದೊರೆಯುವುದರಿಂದ ಈ ಹವ್ಯಾಸಕ್ಕೆ ದಾಖಲೆಯ ಮಹತ್ವವಿದೆ.

ಪರಿಭಾಷೆ

ಧ್ವನಿಯನ್ನು ಹಿಡಿದಿಟ್ಟ ಎಲ್ಲ ವಸ್ತುಗಳಿಗೂ ಒಟ್ಟಾಗಿ ಧ್ವನಿಮುದ್ರಿಕೆ ಎಂಬ ಹೆಸರಿದೆ. ದುಂಡಗಿನ ತಟ್ಟೆಯ ರೂಪದ ಮುದ್ರಿಕೆಯನ್ನು ಆಡುಮಾತಿನಲ್ಲಿ ಪ್ಲೇಟು ಅಥವಾ ರೆಕಾರ್ಡು ಎನ್ನುತ್ತಾರೆ. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿಗೆ ಅರಗಿನ ಪ್ಲೇಟು ಅಥವಾ ಗ್ರಾಮಫೋನ್ ಪ್ಲೇಟು ಎಂದೂ, 33⅓ ಸುತ್ತಿನ ದೊಡ್ಡ ವಿನೈಲ್ ತಟ್ಟೆಗೆ ಎಲ್.ಪಿ. ಎಂದೂ, 45 ಸುತ್ತಿನ ಚಿಕ್ಕ ತಟ್ಟೆಗೆ ಇ.ಪಿ. ಎಂದೂ ಹೆಸರು. ಕ್ಯಾಸೆಟ್‌ಗೆ ಧ್ವನಿಸುರುಳಿ ಎಂಬ ಕನ್ನಡ ಪದ ಬಳಕೆಯಲ್ಲಿ ನಿಂತಿದೆ. ಸಿ.ಡಿ.ಗೆ ಧ್ವನಿಸಾಂದ್ರಿಕೆ, ಅಡಕಮುದ್ರಿಕೆ ಎಂಬ ಪದಗಳಿವೆ. ಈ ಲೇಖನದಲ್ಲಿ ಪ್ಲೇಟಿನ ಮೇಲಿನ ಸುರುಳಿ ಗೆರೆಯನ್ನು ತೋಡು ಎಂದೂ, ಆ ತೋಡಿನಲ್ಲಿ ಓಡುವ ಮೊನೆಯನ್ನು ಮುಳ್ಳು ಎಂದೂ ಕರೆಯಲಾಗಿದೆ.

ಗ್ರಾಮಫೋನು ಕನ್ನಡದ ನುಡಿಗಟ್ಟನ್ನೂ ಹೊಕ್ಕಿದೆ. ಮಾತು ಬದಲಿಸುವವನನ್ನು ಕುರಿತು ಪ್ಲೇಟು ತಿರುಗಿಸಿದ ಎನ್ನುವುದೂ, ಹೇಳಿದ್ದನ್ನೇ ಹೇಳುವುದಕ್ಕೆ ಹಳೇ ಪ್ಲೇಟು ಎನ್ನುವುದೂ ಪ್ಲೇಟು ಮನೆಮಾತಾಗಿದ್ದ ಕಾಲದ ಗುರುತುಗಳು.

ಉಗಮ

ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ರೂಪಿಸಿದ ಫೋನೋಗ್ರಾಫ್ ಧ್ವನಿಯನ್ನು ಉರುಳೆಯ ಮೇಲೆ ಬರೆದು ಮತ್ತೆ ನುಡಿಸುತ್ತಿತ್ತು. ಎಮಿಲ್ ಬರ್ಲಿನರ್ 1887ರಲ್ಲಿ ಹಕ್ಕು ಪಡೆದ ಗ್ರಾಮಫೋನಿನಲ್ಲಿ ಉರುಳೆಯ ಬದಲು ಚಪ್ಪಟೆ ತಟ್ಟೆ ಬಂದಿತು. ಒಂದು ಮೂಲ ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಿ ತೆಗೆಯುವುದು ಇದರಿಂದ ಸಾಧ್ಯವಾಯಿತು. ಸಂಗೀತ ಅಂಗಡಿಯಲ್ಲಿ ಕೊಳ್ಳುವ ಸರಕಾದದ್ದು ಆಗಿನಿಂದ.

ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಕಲಾವಿದರ ಹಾಡುಗಳನ್ನು ಮುದ್ರಿಸಿದನು. ಅಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಹೆಚ್ಚು ಪ್ರಸಿದ್ಧಳಾದಳು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದು ಆ ಪ್ಲೇಟುಗಳಲ್ಲಿ ಕೇಳಿಬರುತ್ತದೆ. ಮೂಲ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟುಗಳಾಗುತ್ತಿದ್ದುದರಿಂದ, ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲು ಈ ಏರ್ಪಾಡು ಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಆರಂಭವಾಯಿತು. ಮುಂದೆ ಅದು ದಮ್‌ದಮ್‌ಗೆ ಸ್ಥಳಾಂತರಗೊಂಡಿತು. ಪ್ಲೇಟಿಗೆ ಬೇಕಾದ ಅರಗು ಭಾರತದ್ದೇ ಬೆಳೆ. ಇಲ್ಲಿಂದ ಹೊರಟ ಅರಗು ಇಲ್ಲಿಯ ಹಾಡನ್ನು ಹೊತ್ತು ಹಿಂದಿರುಗುತ್ತಿದ್ದ ಸ್ಥಿತಿ ಈ ಕಾರ್ಖಾನೆಯಿಂದ ಕೊನೆಗೊಂಡಿತು.

ಕರ್ನಾಟಕದಲ್ಲಿ ಬೆಳವಣಿಗೆ

ಅರಗಿನ ಪ್ಲೇಟಿನ ಕಾಲ: ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ (1878–1952) ದಕ್ಷಿಣ ಭಾರತದಿಂದ ಗ್ರಾಮಫೋನಿಗೆ ಹಾಡಿದ ಮೊದಲ ತಲೆಮಾರಿನ ಗಾಯಕಿಯರಲ್ಲಿ ಒಬ್ಬರು. ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದಳು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1928ರಲ್ಲಿ ಆಸ್ಥಾನಕ್ಕೆ ಸೇರಿದ ಆಕೆ 1930ರ ಜನವರಿ 17ರಂದು ಅದೇ ಊರಿನಲ್ಲಿ ತೀರಿಕೊಂಡಳು. ಏಳು ತಂತಿಯ ಪಿಟೀಲಿನಿಂದ ಹೆಸರಾದ ಟಿ. ಚೌಡಯ್ಯನವರ ನುಡಿಸಾಣಿಕೆಯೂ ಪ್ಲೇಟುಗಳಲ್ಲಿ ಉಳಿದಿದೆ.

ಉತ್ತರ ಕರ್ನಾಟಕದ ಹಿಂದೂಸ್ಥಾನಿ ಪರಂಪರೆಗೂ ಪ್ಲೇಟಿಗೂ ನಿಕಟ ಸಂಬಂಧವಿದೆ. ಗಂಗೂಬಾಯಿ ಹಾನಗಲ್ 1930ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಗ್ರಾಮಫೋನ್ ಕಂಪನಿಯ ಎಚ್.ಎಂ.ವಿ. ಲೇಬಲ್ಲಿಗೆ ಹಾಡಿದಾಗ ಅವರ ಹೆಸರು ಪ್ಲೇಟಿನ ಮೇಲೆ ಗಾಂಧಾರಿ ಎಂದು ಅಚ್ಚಾಯಿತು. ಮಲ್ಲಿಕಾರ್ಜುನ ಮನ್ಸೂರರ ಆರಂಭದ ಪ್ಲೇಟುಗಳೂ ಅದೇ ದಶಕದವು. ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿ ಸಂಗೀತದ ಕಡೆ ತಿರುಗಿ, 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟರು. ಅವರ ಮೊದಲ ಮುದ್ರಿಕೆ 1942ರಲ್ಲಿ ಹೊರಬಂದಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಪ್ಲೇಟಿನ ಮೂಲಕ ಹೆಸರು ಗಳಿಸಿ, 1943ರ ಹಿಂದಿ ಚಿತ್ರ ‘ಕಿಸ್ಮತ್’ನ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು.

ವೃತ್ತಿರಂಗಭೂಮಿಯ ಹಾಡುಗಳು ಈ ಕಾಲದ ಕನ್ನಡ ಪ್ಲೇಟುಗಳ ಮುಖ್ಯ ಸರಕು. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ನಂತರ ಚಿತ್ರಗೀತೆಗಳೂ ಸೇರಿದವು. ಪಿ. ಕಾಳಿಂಗರಾಯರು ಮೋಹನ್‌ಕುಮಾರಿ, ಸೋಹನ್‌ಕುಮಾರಿಯರ ಜೊತೆ ಹಾಡಿದ ಕವಿಗೀತೆಗಳೂ ಜನಪದ ಗೀತೆಗಳೂ ಸುಗಮ ಸಂಗೀತಕ್ಕೆ ಪ್ಲೇಟಿನಲ್ಲಿ ಒಂದು ಸ್ಥಾನ ದೊರಕಿಸಿದವು.

ಈ ಕಾಲದ ಅತಿ ದೊಡ್ಡ ಖಾಸಗಿ ಸಂಗ್ರಹಗಳಲ್ಲಿ ಒಂದು ಮೈಸೂರಿನ ಅರಮನೆಯಲ್ಲಿತ್ತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಆಳವಾಗಿ ಬಲ್ಲ ಜಯಚಾಮರಾಜ ಒಡೆಯರ ಸಂಗ್ರಹದಲ್ಲಿ ಸುಮಾರು 20,000 ಪ್ಲೇಟುಗಳಿದ್ದವೆಂದು ಆಗ ಅಂದಾಜು ಮಾಡಲಾಗಿತ್ತು. ರಷ್ಯಾದ ಸಂಗೀತ ಸಂಯೋಜಕ ನಿಕೊಲಾಯ್ ಮೆಟ್ನರನ ಕೃತಿಗಳು ಪ್ಲೇಟಿನಲ್ಲಿ ದೊರೆಯದಿದ್ದಾಗ ಅವನ್ನು ಮುದ್ರಿಸಲು ಲಂಡನ್ನಿನ ಮೆಟ್ನರ್ ಸೊಸೈಟಿಗೆ ಒಡೆಯರು ಹಣ ಒದಗಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೆ ಅರ್ಪಿಸಿದನು. ರಿಚರ್ಡ್ ಸ್ಟ್ರಾಸನ ‘ನಾಲ್ಕು ಕೊನೆಯ ಗೀತೆಗಳು’ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡಾಗಲೂ ಅವರ ಧನಸಹಾಯವಿತ್ತು. ಆ ಕಛೇರಿಯನ್ನು ಅವರ ಸಂಗ್ರಹಕ್ಕೆಂದು ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಸಂಗ್ರಾಹಕನ ಆಸಕ್ತಿಯೇ ಹೊಸ ಮುದ್ರಣಕ್ಕೆ ಕಾರಣವಾದುದಕ್ಕೆ ಇದು ಕರ್ನಾಟಕದ ಅತ್ಯುತ್ತಮ ಉದಾಹರಣೆ.

ವಿನೈಲ್ ಕಾಲ: ಅಮೆರಿಕದಲ್ಲಿ ಎಲ್.ಪಿ. 1948ರಲ್ಲೂ 45 ಸುತ್ತಿನ ತಟ್ಟೆ 1949ರಲ್ಲೂ ಬಂದವು. ಭಾರತದಲ್ಲಿ ಅವು ನೆಲೆಯೂರಿದ ಮೇಲೂ ಅರಗಿನ ಪ್ಲೇಟು ಕೆಲವು ವರ್ಷ ಜೊತೆಯಲ್ಲೇ ನಡೆಯಿತು, ಏಕೆಂದರೆ ಕೀಲಿ ಕೊಡುವ ಗ್ರಾಮಫೋನಿಗೆ ವಿದ್ಯುತ್ ಬೇಕಿರಲಿಲ್ಲ. 1960 ಮತ್ತು 70ರ ದಶಕಗಳಲ್ಲಿ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಇ.ಪಿ.ಗಳಲ್ಲಿ ಮಾರಾಟವಾದವು, ಒಂದು ಚಿತ್ರದ ನಾಲ್ಕು ಹಾಡು ಒಂದು ತಟ್ಟೆಯಲ್ಲಿ ಹಿಡಿಯುತ್ತಿತ್ತು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ ಇವರ ಸಂಗೀತದ ಇ.ಪಿ.ಗಳನ್ನು ಇಂದಿಗೂ ಸಂಗ್ರಾಹಕರು ಹುಡುಕುತ್ತಾರೆ. ಎಲ್.ಪಿ. ಶಾಸ್ತ್ರೀಯ ಮತ್ತು ಭಕ್ತಿ ಸಂಗೀತಕ್ಕೆ ಒದಗಿತು. 1963ರಲ್ಲಿ ಬಂದ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಎಲ್.ಪಿ. ಕರ್ನಾಟಕದ ಮನೆಗಳಲ್ಲೂ ಬೆಳಗಿನ ಭಾಗವಾಯಿತು.

ಮನೆಯ ಹೊರಗೆ ಪ್ಲೇಟುಗಳನ್ನು ಹೆಚ್ಚಾಗಿ ಇಟ್ಟುಕೊಂಡಿದ್ದವರು ಮದುವೆ, ಜಾತ್ರೆ, ಗಣೇಶೋತ್ಸವಗಳಿಗೆ ಬಾಡಿಗೆ ಕೊಡುವ ಮೈಕ್ ಸೆಟ್ ಅಂಗಡಿಯವರು ಮತ್ತು ಟೆಂಟ್ ಸಿನಿಮಾದವರು. ಆಟ ಆರಂಭವಾಗುವುದನ್ನು ಊರಿಗೆ ತಿಳಿಸಲು ಘಂಟಸಾಲರು ಹಾಡಿದ ವೆಂಕಟೇಶ್ವರ ಸ್ತುತಿಯ ಪ್ಲೇಟು ಹಾಕುವುದು ಹಳೆ ಮೈಸೂರು ಭಾಗದ ಟೆಂಟುಗಳಲ್ಲಿ ರೂಢಿಯಾಗಿತ್ತು.

ಕ್ಯಾಸೆಟ್ ಕಾಲ: ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ 1970ರ ದಶಕದ ಕೊನೆಗೆ ಕರ್ನಾಟಕದಲ್ಲಿ ವ್ಯಾಪಕವಾಯಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ (1978) ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧ. ಸಿ. ಅಶ್ವಥ್ ಅವರ ‘ಮೈಸೂರು ಮಲ್ಲಿಗೆ’ ಮತ್ತು ಶಿಶುನಾಳ ಶರೀಫರ ಗೀತೆಗಳ ಸುರುಳಿಗಳು ಆ ದಾರಿಯಲ್ಲಿ ಬಂದವು. ಮುದ್ರಣದ ವೆಚ್ಚ ಇಳಿದುದರಿಂದ ದೊಡ್ಡ ಕಂಪನಿಗಳ ಹಿಡಿತ ಸಡಿಲಾಗಿ ಬೆಂಗಳೂರಿನಲ್ಲೇ ಸಂಸ್ಥೆಗಳು ಹುಟ್ಟಿದವು. ಲಹರಿ ಸಂಸ್ಥೆ ಹೊರತಂದ ‘ಪ್ರೇಮಲೋಕ’ದ (1987) ಸುರುಳಿ ಕನ್ನಡ ಕ್ಯಾಸೆಟ್ ಮಾರುಕಟ್ಟೆಯ ವಿಸ್ತಾರವನ್ನು ತೋರಿಸಿಕೊಟ್ಟಿತು.

ಪ್ಲೇಟಿನಲ್ಲಿ ಹಿಡಿಸದ ದೀರ್ಘ ಪ್ರಕಾರಗಳಿಗೆ ಕ್ಯಾಸೆಟ್ ನೆಲೆಯಾಯಿತು. ಭದ್ರಗಿರಿ ಅಚ್ಯುತದಾಸರ ಮತ್ತು ಗುರುರಾಜುಲು ನಾಯ್ಡು ಅವರ ಹರಿಕಥೆಗಳು, ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳು, ಮಲೆ ಮಾದೇಶ್ವರನ ಹಾಡುಗಳು, ವಿದ್ಯಾಭೂಷಣರ ದಾಸರ ಪದಗಳು ಹಳ್ಳಿಹಳ್ಳಿಗೆ ತಲುಪಿದವು. ಕರಾವಳಿಯಲ್ಲೂ ಕಾಸರಗೋಡಿನಲ್ಲೂ ಕಾಳಿಂಗ ನಾವಡರ ಭಾಗವತಿಕೆಯ, ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಲೆಯ ಸುರುಳಿಗಳು ಕೈಯಿಂದ ಕೈಗೆ ಸಾಗಿದವು. ಕೊಲ್ಲಿ ದೇಶಗಳಿಗೂ ಅಮೆರಿಕಕ್ಕೂ ಹೋದ ಕನ್ನಡ ಕುಟುಂಬಗಳು ಊರಿನ ದನಿಯನ್ನು ಪೆಟ್ಟಿಗೆಯಲ್ಲಿ ಒಯ್ದದ್ದು ಈ ರೂಪದಲ್ಲೇ.

ಸಿ.ಡಿ. ಕಾಲ: 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. 1990ರ ದಶಕದಲ್ಲಿ ಇಲ್ಲಿ ಹರಡಿತು. ‘ಮುಂಗಾರು ಮಳೆ’ (2006) ಚಿತ್ರದ ಹಾಡುಗಳು ಕ್ಯಾಸೆಟ್ ಮತ್ತು ಸಿ.ಡಿ. ಎರಡೂ ಅಂಗಡಿಯಲ್ಲಿದ್ದ ಕೊನೆಯ ಘಟ್ಟಕ್ಕೆ ಸೇರಿದವು. ಮುಂದಿನ ವರ್ಷಗಳಲ್ಲಿ ಎಂಪಿ3, ಮೊಬೈಲ್ ಮತ್ತು ಅಂತರ್ಜಾಲ ಇವೆರಡನ್ನೂ ಹಿಂದೆ ಸರಿಸಿದವು.

ರಚನೆ ಮತ್ತು ಕಾರ್ಯವಿಧಾನ

ಅರಗಿನ ಪ್ಲೇಟು: ಅರಗು, ನುಣ್ಣಗೆ ಅರೆದ ಕಲ್ಲಿನ ಪುಡಿ, ಇದ್ದಿಲಿನ ಕಪ್ಪು ಮತ್ತು ಹತ್ತಿಯ ನಾರನ್ನು ಬೆರೆಸಿ ಬಿಸಿಯಲ್ಲಿ ಒತ್ತಿ ತಯಾರಿಸುತ್ತಿದ್ದರು. ವ್ಯಾಸ ಸಾಮಾನ್ಯವಾಗಿ 25 ಸೆಂ.ಮೀ., ಕೆಲವು 30 ಸೆಂ.ಮೀ. ಚಿಕ್ಕದರ ಒಂದು ಬದಿ ಸುಮಾರು 3 ನಿಮಿಷ, ದೊಡ್ಡದರದು 4ರಿಂದ 5 ನಿಮಿಷ ನುಡಿಯುತ್ತದೆ. ತೋಡಿನಲ್ಲಿ ಓಡುವ ಉಕ್ಕಿನ ಮುಳ್ಳಿನ ಅದುರು ಧ್ವನಿಪೆಟ್ಟಿಗೆಯ ಅಭ್ರಕದ ಹಾಳೆಗೆ ತಲುಪಿ, ಕಹಳೆಯಾಕಾರದ ಬಾಯಿಯಿಂದ ದೊಡ್ಡದಾಗಿ ಕೇಳಿಸುತ್ತದೆ. ತಟ್ಟೆ ತಿರುಗುವುದು ಕೀಲಿ ಕೊಟ್ಟ ಸ್ಪ್ರಿಂಗಿನ ಬಲದಿಂದ. 1925ರ ತನಕ ಮುದ್ರಣವೂ ಹೀಗೆಯೇ, ಕಲಾವಿದರು ಕಹಳೆಯ ಎದುರು ಗಟ್ಟಿಯಾಗಿ ಹಾಡಿ ನಡೆಯುತ್ತಿತ್ತು. ಆ ವರ್ಷದಿಂದ ಮೈಕ್ರೋಫೋನ್ ಬಳಸುವ ವಿದ್ಯುತ್ ಮುದ್ರಣ ಆರಂಭವಾಗಿ, ಮೆಲುದನಿಯೂ ತಂಬೂರಿಯ ನಾದವೂ ಸ್ಪಷ್ಟವಾಗಿ ದಾಖಲಾದವು.

ವಿನೈಲ್ ಪ್ಲೇಟು: ಪಿ.ವಿ.ಸಿ. ಪ್ಲಾಸ್ಟಿಕ್ಕಿನಿಂದ ಆದುದು, ಹಗುರ, ಬಾಗುತ್ತದೆ, ಸುಲಭವಾಗಿ ಒಡೆಯದು. ಅರಗಿನ ಪ್ಲೇಟಿಗೆ ಸುಮಾರು 75 ಮೈಕ್ರಾನಿನ ಮೊನೆ ಬೇಕಾದರೆ, ಇದರ ಕಿರುತೋಡಿಗೆ ಸುಮಾರು 18ರಿಂದ 25 ಮೈಕ್ರಾನಿನ ವಜ್ರ ಅಥವಾ ನೀಲಮಣಿಯ ಮೊನೆ ಬೇಕು. ತೋಡು ಸಣ್ಣದಾದುದರಿಂದಲೂ ವೇಗ ಇಳಿದುದರಿಂದಲೂ 30 ಸೆಂ.ಮೀ. ಎಲ್.ಪಿ.ಯ ಒಂದು ಬದಿ 20 ನಿಮಿಷ ಮೀರಿ ನುಡಿಯುತ್ತದೆ. ಇ.ಪಿ.ಯ ವ್ಯಾಸ ಸುಮಾರು 17.5 ಸೆಂ.ಮೀ.

ಟೇಪು: ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನಂಥ ಕಾಂತೀಯ ಪುಡಿಯ ಲೇಪವಿರುತ್ತದೆ. ಸ್ಪೂಲ್ ಟೇಪಿನ ಅಗಲ 6.35 ಮಿ.ಮೀ. ಕ್ಯಾಸೆಟ್ಟಿನ ಟೇಪು 3.81 ಮಿ.ಮೀ. ಅಗಲವಿದ್ದು ಸೆಕೆಂಡಿಗೆ 4.76 ಸೆಂ.ಮೀ. ಚಲಿಸುತ್ತದೆ. ಸಿ–60 ಎಂಬ ಗುರುತು ಬದಿಗೆ 30 ನಿಮಿಷವನ್ನೂ ಸಿ–90 ಎಂಬುದು 45 ನಿಮಿಷವನ್ನೂ ಸೂಚಿಸುತ್ತದೆ.

ಸಿ.ಡಿ.: 12 ಸೆಂ.ಮೀ. ವ್ಯಾಸದ ತಟ್ಟೆ. ಸೆಕೆಂಡಿಗೆ 44,100 ಮಾದರಿ, ಮಾದರಿಗೆ 16 ಬಿಟ್ ಲೆಕ್ಕದಲ್ಲಿ ಅಂಕೀಕರಿಸಿದ ಧ್ವನಿಯನ್ನು ಲೇಸರ್ ಕಿರಣ ಓದುತ್ತದೆ. ಅವಧಿ 74ರಿಂದ 80 ನಿಮಿಷ.

ಸಂಗ್ರಹದ ಬಗೆಗಳು

ಕಲಾವಿದ ಕೇಂದ್ರಿತ ಸಂಗ್ರಹದಲ್ಲಿ ಒಬ್ಬರ ಎಲ್ಲ ಮುದ್ರಿಕೆಗಳನ್ನೂ ಕೂಡಿಸುವ ಗುರಿಯಿರುತ್ತದೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅಥವಾ ರಾಜ್‌ಕುಮಾರ್ ಅವರ ಹಾಡುಗಳ ಇ.ಪಿ.ಗಳನ್ನು ಬಿಡುಗಡೆಯ ಕ್ರಮದಲ್ಲಿ ಜೋಡಿಸುವುದು ಇದಕ್ಕೆ ಉದಾಹರಣೆ. ಪ್ರಕಾರ ಕೇಂದ್ರಿತ ಸಂಗ್ರಹ ರಂಗಗೀತೆ, ವಚನ, ಹರಿಕಥೆ, ಯಕ್ಷಗಾನ ಇಂಥ ಒಂದು ಕ್ಷೇತ್ರಕ್ಕೆ ಸೀಮಿತ. ಲೇಬಲ್ ಕೇಂದ್ರಿತ ಸಂಗ್ರಹ ಎಚ್.ಎಂ.ವಿ., ಕೊಲಂಬಿಯಾ, ಓಡಿಯನ್ ಮುಂತಾದ ಕಂಪನಿಗಳ ಪ್ಲೇಟುಗಳನ್ನು ಸಂಖ್ಯಾಕ್ರಮದಲ್ಲಿ ಹುಡುಕುತ್ತದೆ. ದಕ್ಷಿಣದಲ್ಲಿ ಓಡಿಯನ್ ಪ್ಲೇಟುಗಳ ವಿತರಣೆ ಮದರಾಸಿನ ಸರಸ್ವತಿ ಸ್ಟೋರ್ಸ್ ಮೂಲಕ ನಡೆಯುತ್ತಿತ್ತು. ಯಂತ್ರ ಕೇಂದ್ರಿತ ಸಂಗ್ರಹದಲ್ಲಿ ಕೀಲಿ ಗ್ರಾಮಫೋನು, ರೇಡಿಯೋಗ್ರಾಮ್, ಸ್ಪೂಲ್ ರೆಕಾರ್ಡರ್‌ಗಳನ್ನು ಕೂಡಿಸಿ ಮತ್ತೆ ನುಡಿಯುವಂತೆ ಮಾಡುತ್ತಾರೆ.

ಕಛೇರಿ ಮುದ್ರಣಗಳ ಸಂಗ್ರಹ ಇವೆಲ್ಲಕ್ಕಿಂತ ಬೇರೆ. ಬೆಂಗಳೂರು ಗಾಯನ ಸಮಾಜ (ಸ್ಥಾಪನೆ 1905), ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವ ನಡೆಸುವ ಶ್ರೀ ರಾಮಸೇವಾ ಮಂಡಳಿ (ಸ್ಥಾಪನೆ 1939) ಇಂಥ ವೇದಿಕೆಗಳು ಸಂಗೀತ ಕೇಳುವವರ ದೊಡ್ಡ ಬಳಗವನ್ನೇ ಬೆಳೆಸಿದವು. ರಸಿಕರು ಸ್ಪೂಲಿನಲ್ಲೂ ಕ್ಯಾಸೆಟ್ಟಿನಲ್ಲೂ ಮುದ್ರಿಸಿಕೊಂಡ ಕಛೇರಿಗಳಿಗೆ ಅಂಗಡಿಯ ಪ್ರತಿಯೇ ಇಲ್ಲ. ಟೇಪು ಕೆಟ್ಟರೆ ಕಛೇರಿಯೇ ಇಲ್ಲವಾಗುತ್ತದೆ.

ಗುರುತಿಸುವಿಕೆ ಮತ್ತು ಪಟ್ಟಿ

ಪ್ಲೇಟಿನ ನಡುವಿನ ಲೇಬಲ್ಲಿನ ಮೇಲೆ ಕಂಪನಿಯ ಹೆಸರು, ಮಾರಾಟ ಸಂಖ್ಯೆ, ಹಾಡಿನ ಮೊದಲ ಪದಗಳು, ರಾಗ, ತಾಳ, ಹಾಡಿದವರ ಹೆಸರು ಇರುತ್ತವೆ. ಲೇಬಲ್ಲಿಗೂ ಕೊನೆಯ ತೋಡಿಗೂ ನಡುವಿನ ನುಣುಪು ಜಾಗದಲ್ಲಿ ಒತ್ತಿರುವ ಮೂಲ ಅಚ್ಚಿನ ಸಂಖ್ಯೆ ಕಾಲನಿರ್ಣಯಕ್ಕೆ ಹೆಚ್ಚು ನಂಬಬಹುದಾದ ಆಧಾರ, ಏಕೆಂದರೆ ಮರುಮುದ್ರಣದಲ್ಲಿ ಲೇಬಲ್ಲು ಬದಲಾದರೂ ಆ ಸಂಖ್ಯೆ ಉಳಿಯುತ್ತದೆ. ಒಂದೇ ಬದಿಯಲ್ಲಿ ತೋಡಿರುವ ಪ್ಲೇಟು ಸಾಮಾನ್ಯವಾಗಿ ಅತಿ ಹಳೆಯದು. ಹಳೆಯ ಲೇಬಲ್ಲುಗಳಲ್ಲಿ ಕನ್ನಡದ ಹೆಸರುಗಳು ರೋಮನ್ ಲಿಪಿಯಲ್ಲಿ ನಾನಾ ಕಾಗುಣಿತದಲ್ಲಿ ಬಂದಿರುವುದರಿಂದ, ಪಟ್ಟಿಯಲ್ಲಿ ಲೇಬಲ್ಲಿನ ಬರಹವನ್ನು ಇದ್ದಂತೆಯೇ ನಕಲಿಸಿ ಸರಿಯಾದ ಕನ್ನಡ ರೂಪವನ್ನು ಬೇರೆ ಅಂಕಣದಲ್ಲಿ ಕೊಡುವುದು ವಾಡಿಕೆ. ಗೀರು, ಬಿರುಕು, ಲಕೋಟೆಯ ಸ್ಥಿತಿಗಳನ್ನೂ ಪಟ್ಟಿಯಲ್ಲಿ ನಮೂದಿಸುತ್ತಾರೆ.

ಆಲಿಸುವ ಕ್ರಮ

ಮಾಧ್ಯಮಕ್ಕೆ ಹೊಂದುವ ಯಂತ್ರದಲ್ಲೇ ಆಲಿಸುವುದು ಮೂಲ ನಿಯಮ. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು. ಸವೆದ ಮುಳ್ಳು ತೋಡನ್ನೇ ಕೆತ್ತುತ್ತದೆ. ಕೀಲಿ ಗ್ರಾಮಫೋನಿನಲ್ಲಿ ವಿನೈಲ್ ಪ್ಲೇಟು ಹಾಕಿದರೆ ಭಾರದ ಮುಳ್ಳು ಅದನ್ನು ಒಂದೇ ಸಲಕ್ಕೆ ಹಾಳುಮಾಡುತ್ತದೆ. ಎಲ್.ಪಿ.ಯ ಸಣ್ಣ ಮೊನೆಯಿಂದ ಅರಗಿನ ಪ್ಲೇಟು ನುಡಿಸಿದರೆ ಮೊನೆ ತೋಡಿನ ತಳದಲ್ಲಿ ಓಡಿ ಕರಕರ ಸದ್ದು ಹೆಚ್ಚುತ್ತದೆ.

ವೇಗದ ನಿರ್ಣಯ ಭಾರತೀಯ ಸಂಗೀತದಲ್ಲಿ ವಿಶೇಷ ಮಹತ್ವದ್ದು. ಆರಂಭದ ಪ್ಲೇಟುಗಳೆಲ್ಲ ನಿಖರವಾಗಿ 78 ಸುತ್ತಿನಲ್ಲಿ ಮುದ್ರಿತವಾಗಿಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ, 12 ಸ್ವರಸ್ಥಾನಗಳ ಲೆಕ್ಕದಲ್ಲಿ, ಹತ್ತಿರ ಹತ್ತಿರ ಒಂದು ಸ್ಥಾನ ಏರುತ್ತದೆ, ಲಯವೂ ಚುರುಕಾಗುತ್ತದೆ. ಹಳೆಯ ಗಾಯಕರು ಬಹಳ ಎತ್ತರದ ಶ್ರುತಿಯಲ್ಲಿ ಅತಿ ವೇಗವಾಗಿ ಹಾಡುತ್ತಿದ್ದರು ಎಂಬ ತೀರ್ಮಾನಕ್ಕೆ ಬರುವ ಮುನ್ನ ವೇಗವನ್ನು ಪರೀಕ್ಷಿಸುವುದು ಅಗತ್ಯ. ಮೂರು ನಿಮಿಷದ ಮಿತಿಗಾಗಿ ಕಲಾವಿದರೇ ಲಯವನ್ನು ಏರಿಸಿ, ಆಲಾಪವನ್ನು ಕುಗ್ಗಿಸುತ್ತಿದ್ದರೆಂಬುದನ್ನೂ ಗಮನದಲ್ಲಿಡಬೇಕು.

ಸಂರಕ್ಷಣೆ

ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು. ಓರೆಯಾದರೆ ವಿನೈಲ್ ಬಾಗುತ್ತದೆ, ಅರಗು ಸೀಳುತ್ತದೆ. ಅರಗು ಮದ್ಯಸಾರದಲ್ಲಿ ಕರಗುವುದರಿಂದ ಸ್ಪಿರಿಟ್ಟಿನಿಂದ ಅರಗಿನ ಪ್ಲೇಟು ಒರೆಸಬಾರದು. ಬಟ್ಟಿ ಇಳಿಸಿದ ನೀರು ಮತ್ತು ಮೆತ್ತನೆ ಬಟ್ಟೆ ಬಳಸಿ, ಲೇಬಲ್ಲು ನೆನೆಯದಂತೆ, ತೋಡಿನ ದಿಕ್ಕಿನಲ್ಲೇ ಒರೆಸುತ್ತಾರೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತೇವದಿಂದ ಲಕೋಟೆ, ತೋಡು ಮತ್ತು ಟೇಪಿನ ಅಂಚುಗಳಿಗೆ ಬೂಷ್ಟು ಹಿಡಿಯುವುದು ಮುಖ್ಯ ಸಮಸ್ಯೆ. ಬಯಲುಸೀಮೆಯಲ್ಲಿ ಬಿಸಿಲು ಮತ್ತು ದೂಳು.

ಬಹುಕಾಲ ಮುಟ್ಟದೆ ಇಟ್ಟ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ನೆರಳಿನಂತೆ ಇಳಿಯುವುದೂ ಉಂಟು. ಅಸಿಟೇಟ್ ತಳದ ಹಳೆಯ ಸ್ಪೂಲುಗಳಿಂದ ವಿನೆಗರ್ ವಾಸನೆ ಬಂದರೆ ಅವು ಕೆಡುತ್ತಿವೆಯೆಂದು ತಿಳಿದು ಕೂಡಲೇ ನಕಲು ಮಾಡಬೇಕು. ಕ್ಯಾಸೆಟ್ಟಿನಲ್ಲಿ ಟೇಪನ್ನು ಯಂತ್ರದ ಧ್ವನಿ ಓದುವ ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಕಳಚಿದರೆ ಧ್ವನಿ ಮಂಕಾಗುತ್ತದೆ. ಸ್ಕ್ರೂ ಇರುವ ಕವಚವಾದರೆ ಟೇಪನ್ನು ಬೇರೆ ಕವಚಕ್ಕೆ ಬದಲಿಸಬಹುದು. ಸಡಿಲವಾದ ಟೇಪನ್ನು ಪೆನ್ಸಿಲ್ಲಿನಿಂದ ಸುತ್ತಿ ಬಿಗಿ ಮಾಡಿದ ಮೇಲೆಯೇ ಯಂತ್ರಕ್ಕೆ ಹಾಕಬೇಕು. ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಪದರ ಬೆಳಕಿಗೆ ಮಾಸುವುದರಿಂದ ಅವು ಅರಗಿನ ಪ್ಲೇಟಿಗಿಂತ ಬೇಗ ಕೆಡಬಹುದು.

ಡಿಜಿಟಲೀಕರಣ ಮತ್ತು ಹಕ್ಕು

ಅಂತಾರಾಷ್ಟ್ರೀಯ ಧ್ವನಿ ಸಂಗ್ರಹಾಗಾರಗಳ ಸಂಘದ ಮಾರ್ಗಸೂಚಿಯಂತೆ ಹಳೆಯ ಮುದ್ರಿಕೆಗಳನ್ನು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ನಕಲು ಮಾಡಬೇಕು. ಕರಕರ ಸದ್ದು ತೆಗೆಯದ ಮೂಲ ನಕಲನ್ನು ಬೇರೆಯಾಗಿ ಉಳಿಸಿ, ಶುದ್ಧಗೊಳಿಸುವ ಕೆಲಸವನ್ನು ಇನ್ನೊಂದು ಪ್ರತಿಯಲ್ಲಿ ಮಾಡುವುದು ಸರಿಯಾದ ಕ್ರಮ.

1957ರ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಹೀಗಾಗಿ 1964ರಲ್ಲಿ ಪ್ರಕಟವಾದ ಪ್ಲೇಟಿನ ಮುದ್ರಣದ ಹಕ್ಕು 2024ರ ಕೊನೆಗೆ ಮುಗಿಯಿತು. ಆದರೆ ಸಾಹಿತ್ಯ ಮತ್ತು ರಾಗ ಸಂಯೋಜನೆಯ ಹಕ್ಕು ಬೇರೆ; ಅದು ಕರ್ತೃವಿನ ಮರಣದ ನಂತರ 60 ವರ್ಷ ನಡೆಯುತ್ತದೆ.

ಉಪಯೋಗಗಳು

ಗಾಯನ ಶೈಲಿಗಳು ಬದಲಾದ ಬಗೆಯನ್ನು ಕಿವಿಯಿಂದಲೇ ತಿಳಿಯಲು ಹಳೆಯ ಮುದ್ರಿಕೆಗಳು ನೇರ ಆಧಾರ. ಘರಾಣೆ ಅಥವಾ ಬಾನಿಯೊಂದರ ಮೂರು ತಲೆಮಾರುಗಳನ್ನು ಹೋಲಿಸುವುದು, ಕೀರ್ತನೆಯ ಪಾಠಾಂತರಗಳನ್ನು ಗುರುತಿಸುವುದು, ಮರೆಯಾದ ರಂಗಗೀತೆಯ ಮಟ್ಟನ್ನು ಮತ್ತೆ ರಂಗಕ್ಕೆ ತರುವುದು ಇವುಗಳಿಂದ ಸಾಧ್ಯ. ಭಾಷಾ ಅಧ್ಯಯನಕ್ಕೂ ಇವು ಉಪಯುಕ್ತ: ಹರಿಕಥೆ ಮತ್ತು ನಾಟಕದ ಸುರುಳಿಗಳಲ್ಲಿ ಆಯಾ ಕಾಲದ ಉಚ್ಚಾರಣೆ, ಗಾದೆ, ಪ್ರಾದೇಶಿಕ ನುಡಿ ಇದ್ದಂತೆಯೇ ಉಳಿದಿವೆ. ಅಚ್ಚಾದ ಪುಸ್ತಕದಲ್ಲಿ ಸಾಹಿತ್ಯ ಸಿಗಬಹುದು. ಕಾಕು, ಗಮಕ ಮತ್ತು ಸಭೆಯ ನಗು ಮುದ್ರಿಕೆಯಲ್ಲಿ ಮಾತ್ರ ಸಿಗುತ್ತವೆ.

ಬೆಂಗಳೂರು ಮತ್ತು ಅದರ ಉತ್ತರ ಭಾಗ

ಚಿಕ್ಕಪೇಟೆ ಸುತ್ತಿನ ಭಾನುವಾರದ ಸಂತೆ ಹಳೆಯ ಗ್ರಾಮಫೋನು ಮತ್ತು ಪ್ಲೇಟುಗಳನ್ನು ಹುಡುಕುವವರ ಪರಿಚಿತ ತಾಣ. ಬಿಡಿಭಾಗಗಳಿಗೆ ಸಾದರ ಪತ್ರಪ್ಪ ರಸ್ತೆಯ, ಅಂದರೆ ಎಸ್.ಪಿ. ರಸ್ತೆಯ, ಎಲೆಕ್ಟ್ರಾನಿಕ್ ಅಂಗಡಿಗಳಿವೆ. ಮೆಟ್ರೊ ಹಸಿರು ಮಾರ್ಗದ ನಡುಭಾಗ 2017ರಲ್ಲಿ ತೆರೆದ ಮೇಲೆ ಯಶವಂತಪುರದಿಂದ ಚಿಕ್ಕಪೇಟೆಗೆ ನೇರ ಸಂಪರ್ಕವಿದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯವರು ಬಸ್ಸಿನಲ್ಲಿ ಮೆಜೆಸ್ಟಿಕ್ ತಲುಪಿ ಅಲ್ಲಿಂದ ಪೇಟೆಗೆ ಹೋಗಬಹುದು.

ಉತ್ತರ ಬೆಂಗಳೂರಿಗೂ ಆಲಿಸುವ ಯಂತ್ರಗಳ ಚರಿತ್ರೆಗೂ ಒಂದು ಕೊಂಡಿಯಿದೆ. ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ಬಿ.ಇ.ಎಲ್. ಗುರುತಿನ ವಾಲ್ವುಗಳು ಹಳೆಯ ರೇಡಿಯೋ ಮತ್ತು ಆಂಪ್ಲಿಫೈಯರುಗಳ ದುರಸ್ತಿಯಲ್ಲಿ ಈಗಲೂ ಬೇಕಾಗುವ ವಸ್ತು. ವಿನೈಲ್ ಪ್ಲೇಟಿನ ಸಣ್ಣ ದನಿಯನ್ನು ಕೋಣೆ ತುಂಬುವಂತೆ ಮಾಡಿದ ಯಂತ್ರಗಳ ಮುಖ್ಯ ಭಾಗ ಹೀಗೆ ಈ ನಗರದಲ್ಲೇ ಸಿದ್ಧವಾಗುತ್ತಿತ್ತು.

ಸಾರ್ವಜನಿಕ ಸಂಸ್ಥೆಗಳಲ್ಲಿ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ವಸ್ತುಸಂಗ್ರಹಾಲಯ ಧ್ವನಿಮುದ್ರಣದ ಚರಿತ್ರೆಯನ್ನು ಪ್ರದರ್ಶಿಸುತ್ತದೆ. ಗೌಹರ್ ಜಾನಳ ಜೀವನಚರಿತ್ರೆಯನ್ನು 2010ರಲ್ಲಿ ಪ್ರಕಟಿಸಿದ ಬೆಂಗಳೂರಿನ ವಿಕ್ರಮ್ ಸಂಪತ್ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಅರಗಿನ ಪ್ಲೇಟುಗಳನ್ನು ಡಿಜಿಟಲೀಕರಿಸಿ ಎಲ್ಲರೂ ಕೇಳುವಂತೆ ಮಾಡಿದೆ. ಆಕಾಶವಾಣಿಯ ಕೇಂದ್ರಗಳು ಸ್ಪೂಲ್ ಟೇಪುಗಳ ದೊಡ್ಡ ನೆಲೆಗಳು. ಆ ಹೆಸರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಖಾಸಗಿ ಬಾನುಲಿಯಿಂದ ಬಂದುದು.

ಇಂದಿನ ಸ್ಥಿತಿ

ಜಗತ್ತಿನ ಕೆಲವೆಡೆ ವಿನೈಲ್ ಪ್ಲೇಟಿಗೆ ಮತ್ತೆ ಬೇಡಿಕೆ ಬಂದಿದೆ. ಅಮೆರಿಕದಲ್ಲಿ 1987ರ ನಂತರ ಮೊದಲ ಬಾರಿಗೆ 2022ರಲ್ಲಿ ಮಾರಾಟವಾದ ವಿನೈಲ್ ಪ್ಲೇಟುಗಳ ಸಂಖ್ಯೆ ಸಿ.ಡಿ.ಗಳನ್ನು ಮೀರಿತು. ಭಾರತದಲ್ಲಿ ಹಳೆಯ ಚಿತ್ರಗೀತೆಗಳ ಎಲ್.ಪಿ.ಗಳು ಮರುಮುದ್ರಣಗೊಳ್ಳುತ್ತಿವೆ, 2020ರ ದಶಕದಲ್ಲಿ ಮುಂಬಯಿ ಭಾಗದಲ್ಲಿ ಪ್ಲೇಟು ಒತ್ತುವ ಘಟಕ ಮತ್ತೆ ಆರಂಭವಾಗಿದೆ. ಮರುಮುದ್ರಣದ ಆಯ್ಕೆ ಜನಪ್ರಿಯ ಹಾಡುಗಳ ಕಡೆಗೇ ವಾಲುವುದರಿಂದ ರಂಗಗೀತೆ, ಹರಿಕಥೆ, ತಾಳಮದ್ದಲೆ, ಪ್ರಾದೇಶಿಕ ಜನಪದ ಗೀತೆಗಳು ಅದರ ಹೊರಗೆ ಉಳಿಯುತ್ತವೆ.

ಈ ಪ್ರಕಾರಗಳ ಉಳಿವು ಬಹುಪಾಲು ಮನೆಗಳ ಟ್ರಂಕು, ಅಟ್ಟ ಮತ್ತು ಮುಚ್ಚಿದ ಮೈಕ್ ಸೆಟ್ ಅಂಗಡಿಗಳಲ್ಲಿರುವ ಪ್ರತಿಗಳನ್ನು ಅವಲಂಬಿಸಿದೆ. ಟೇಪಿನ ಲೇಪ ಉದುರುವ ಮೊದಲು ಅವನ್ನು ನಕಲು ಮಾಡಬೇಕು. ನುಡಿಸುವ ಯಂತ್ರಗಳ ಬೆಲ್ಟು, ಹೆಡ್ಡು, ಮುಳ್ಳುಗಳು ಸಿಗುತ್ತಿರುವಾಗಲೇ ಆ ಕೆಲಸ ಆಗಬೇಕು. ಕಂಪನಿ, ಸಂಖ್ಯೆ, ಕಲಾವಿದರು ಮತ್ತು ಪ್ರತಿ ಇರುವ ಊರನ್ನು ದಾಖಲಿಸಿದ ಪ್ರತಿಯೊಂದು ಮನೆಯ ಪಟ್ಟಿಯೂ ಕನ್ನಡ ಧ್ವನಿಮುದ್ರಿಕೆಗಳ ಒಟ್ಟು ಸೂಚಿಗೆ ಸಾಮಗ್ರಿ.